ವಿದ್ಯುನ್ಮಾನ ಘಟಕಗಳ ತಾಪಮಾನ ಮಿತಿಗಳು: ಅರ್ಥ ಮತ್ತು ಅನ್ವಯ

ಪೀಠಿಕೆ

1954ರ ಮೇ 10ರಂದು ಅಮೆರಿಕದ ಓಹಾಯೊ ರಾಜ್ಯದ ಡೇಟನ್ ನಗರದಲ್ಲಿ ವೈಮಾನಿಕ ವಿದ್ಯುನ್ಮಾನ ಶಾಸ್ತ್ರವನ್ನು ಕುರಿತ ಸಮ್ಮೇಳನವೊಂದು ನಡೆದಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ವಿಜ್ಞಾನಿ ಗಾರ್ಡನ್ ಟೀಲ್ ಅಲ್ಲಿ ಸರಳವಾದ ಪ್ರಯೋಗವೊಂದನ್ನು ಪ್ರದರ್ಶಿಸಿದರು. ಗ್ರಾಮಫೋನ್ ತಟ್ಟೆಯ ಸಂಗೀತವನ್ನು ವರ್ಧಿಸುತ್ತಿದ್ದ ಮಂಡಲದ ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಕಾದ ಎಣ್ಣೆಯಲ್ಲಿ ಅದ್ದಿದೊಡನೆ ಸಂಗೀತ ನಿಂತುಹೋಯಿತು. ಅದರ ಸ್ಥಾನದಲ್ಲಿ ಸಿಲಿಕಾನ್ ಟ್ರಾನ್ಸಿಸ್ಟರನ್ನು ಜೋಡಿಸಿ ಅದೇ ಎಣ್ಣೆಯಲ್ಲಿ ಅದ್ದಿದಾಗ ಸಂಗೀತ ಎಂದಿನಂತೆ ಮುಂದುವರಿಯಿತು. ವಿದ್ಯುನ್ಮಾನ ಘಟಕವೊಂದರ ಯೋಗ್ಯತೆಯನ್ನು ಅದು ಮಾಡುವ ಕೆಲಸದಿಂದ ಮಾತ್ರ ಅಳೆದರೆ ಸಾಲದು, ಎಂತಹ ತಾಪಮಾನದಲ್ಲಿ ಆ ಕೆಲಸವನ್ನು ಮಾಡಬಲ್ಲದು ಎಂಬುದರಿಂದಲೂ ಅಳೆಯಬೇಕು ಎಂಬ ಸಂಗತಿ ಸಭೆಯಲ್ಲಿದ್ದ ಎಲ್ಲರಿಗೂ ಆ ಕ್ಷಣದಲ್ಲಿ ಮನದಟ್ಟಾಯಿತು.

ಇಂದು ಪ್ರತಿಯೊಂದು ಘಟಕದೊಂದಿಗೂ ಡೇಟಾಶೀಟ್ ಎಂದು ಕರೆಯಲಾಗುವ ಮಾಹಿತಿಪತ್ರವನ್ನು ತಯಾರಕರು ಒದಗಿಸುತ್ತಾರೆ. ಅದರಲ್ಲಿ ತಾಪಮಾನದ ಕನಿಷ್ಠ ಮತ್ತು ಗರಿಷ್ಠ ಮಿತಿಗಳು ನಮೂದಾಗಿರುತ್ತವೆ. ಆದರೆ ಈ ಅಂಕಿಗಳನ್ನು ಹವಾಮಾನ ವರದಿಯ ಅಂಕಿಗಳೊಂದಿಗೆ ನೇರವಾಗಿ ಹೋಲಿಸಿ, ಊರಿನ ಬಿಸಿಲು 45 ಡಿಗ್ರಿಯನ್ನು ಮೀರುವುದಿಲ್ಲವಾದ್ದರಿಂದ 70 ಡಿಗ್ರಿ ಮಿತಿಯ ಘಟಕ ಸಾಕು ಎಂದು ತೀರ್ಮಾನಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ತಾಪಮಾನ ಮಿತಿಯೆಂಬುದು ಸ್ವತಂತ್ರವಾದ ಒಂದು ಸಂಖ್ಯೆಯಲ್ಲ. ಅದು ಷರತ್ತುಗಳಿಗೆ ಒಳಪಟ್ಟ ಒಂದು ಭರವಸೆ. ಆ ತಾಪಮಾನವನ್ನು ಎಲ್ಲಿ ಅಳೆಯಬೇಕು, ಎಷ್ಟು ಹೊರೆಯಲ್ಲಿ ಅದು ಅನ್ವಯಿಸುತ್ತದೆ, ಎಷ್ಟು ಕಾಲದವರೆಗೆ ಅದು ಸಲ್ಲುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತಾಗ ಮಾತ್ರ ಆ ಸಂಖ್ಯೆಗೆ ಅರ್ಥ ಬರುತ್ತದೆ. ಈ ಮೂರು ಪ್ರಶ್ನೆಗಳ ನೆಲೆಯಲ್ಲಿ ತಾಪಮಾನ ಮಿತಿಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿ ನೀಡಿರುವ ಎಲ್ಲ ತಾಪಮಾನಗಳೂ ಸೆಲ್ಸಿಯಸ್ ಮಾನದಲ್ಲಿವೆ.

ಮಿತಿಯ ಭೌತಿಕ ಮೂಲ

ಅರೆವಾಹಕಗಳಲ್ಲಿ ಇಲೆಕ್ಟ್ರಾನುಗಳು ಬಂಧನದಿಂದ ಬಿಡುಗಡೆ ಹೊಂದಿ ವಿದ್ಯುತ್ತನ್ನು ಒಯ್ಯಬೇಕಾದರೆ ನಿರ್ದಿಷ್ಟ ಪ್ರಮಾಣದ ಶಕ್ತಿ ಬೇಕು. ಈ ಶಕ್ತಿ ಅಂತರವು ಜರ್ಮೇನಿಯಂನಲ್ಲಿ ಸುಮಾರು 0.66 ಇಲೆಕ್ಟ್ರಾನ್ ವೋಲ್ಟ್, ಸಿಲಿಕಾನ್‌ನಲ್ಲಿ ಸುಮಾರು 1.12 ಇಲೆಕ್ಟ್ರಾನ್ ವೋಲ್ಟ್. ಅಂತರ ಕಿರಿದಾದಷ್ಟೂ ಅಲ್ಪ ಶಾಖದಿಂದಲೇ ಹೆಚ್ಚು ಇಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ವಿನ್ಯಾಸಕಾರನು ಉದ್ದೇಶಪೂರ್ವಕವಾಗಿ ಬೆರೆಸಿದ ಕಲ್ಮಶಗಳಿಂದ ದೊರೆಯುವ ವಾಹಕಗಳಿಗಿಂತ ಶಾಖದಿಂದ ಹುಟ್ಟಿದ ವಾಹಕಗಳೇ ಹೆಚ್ಚಾದಾಗ ಟ್ರಾನ್ಸಿಸ್ಟರು ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಜರ್ಮೇನಿಯಂ ಸಾಧನಗಳ ಒಳಗಿನ ಗರಿಷ್ಠ ತಾಪಮಾನ ಸಾಮಾನ್ಯವಾಗಿ 75ರಿಂದ 100 ಡಿಗ್ರಿಗಳ ನಡುವೆ ನಿಲ್ಲುವುದಕ್ಕೂ, ಸಿಲಿಕಾನ್ ಸಾಧನಗಳದು 150 ಡಿಗ್ರಿ ಅಥವಾ ಅದಕ್ಕಿಂತ ಮೇಲಕ್ಕೆ ಹೋಗುವುದಕ್ಕೂ ಇದೇ ಕಾರಣ. ಶಕ್ತಿ ಅಂತರ 3 ಇಲೆಕ್ಟ್ರಾನ್ ವೋಲ್ಟ್‌ಗಿಂತ ಹೆಚ್ಚಿರುವ ಸಿಲಿಕಾನ್ ಕಾರ್ಬೈಡ್ ಇನ್ನೂ ಹೆಚ್ಚಿನ ತಾಪಮಾನವನ್ನು ಸಹಿಸಬಲ್ಲದು.

ಟೀಲ್ ಅವರ ಪ್ರದರ್ಶನ ನಡೆದ 1954ರಲ್ಲೇ ಬೆಂಗಳೂರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಸ್ಥಾಪನೆಯಾಯಿತು. 1960ರ ದಶಕದಲ್ಲಿ ಈ ಸಂಸ್ಥೆಯೂ ಮೊದಲು ಜರ್ಮೇನಿಯಂ ಸಾಧನಗಳನ್ನು, ಆನಂತರ ಸಿಲಿಕಾನ್ ಸಾಧನಗಳನ್ನು ತಯಾರಿಸಿತು. ಲೋಕವು ನಡೆದ ಹಾದಿಯನ್ನೇ ನಾಡಿನ ಅರೆವಾಹಕ ಉದ್ಯಮವೂ ಕೆಲವೇ ವರ್ಷಗಳ ಅಂತರದಲ್ಲಿ ನಡೆಯಿತೆಂಬುದು ಗಮನಾರ್ಹ.

ಸಿಲಿಕಾನ್ ಆಯ್ಕೆಯಾದೊಡನೆ ಸಮಸ್ಯೆ ಮುಗಿಯಲಿಲ್ಲ. ಸಿಲಿಕಾನ್ ಸಂಧಿಯೊಂದರ ಸೋರಿಕೆ ವಿದ್ಯುತ್ಪ್ರವಾಹವು ಪ್ರತಿ 10 ಡಿಗ್ರಿ ಏರಿಕೆಗೆ ಸರಿಸುಮಾರು ಇಮ್ಮಡಿಯಾಗುತ್ತದೆ. 25 ಡಿಗ್ರಿಯಿಂದ 125 ಡಿಗ್ರಿಗೆ ಏರುವಷ್ಟರಲ್ಲಿ ಅದು ಸುಮಾರು ಸಾವಿರ ಪಟ್ಟು ಹೆಚ್ಚಿರುತ್ತದೆ. ಇದಲ್ಲದೆ ಸಿಲಿಕಾನ್ ಬಿಲ್ಲೆಯನ್ನು ಹೊದ್ದಿರುವ ಎಪಾಕ್ಸಿ ಕವಚ, ಒಳಗಿನ ಸೂಕ್ಷ್ಮ ತಂತಿಗಳು, ಹೊರಗಿನ ಬೆಸುಗೆ ಇವುಗಳಿಗೂ ತಮ್ಮದೇ ಆದ ಮಿತಿಗಳುಂಟು. ಮಾಹಿತಿಪತ್ರದಲ್ಲಿರುವ ಸಂಖ್ಯೆಯು ಈ ಎಲ್ಲವುಗಳಲ್ಲಿ ಅತ್ಯಂತ ದುರ್ಬಲವಾದುದನ್ನು ಗಮನದಲ್ಲಿಟ್ಟು ನಿರ್ಧರಿಸಿದ ಸಂಖ್ಯೆಯಾಗಿರುತ್ತದೆ.

ಶ್ರೇಣಿಗಳ ವರ್ಗೀಕರಣ

ಬಳಕೆಯ ಕ್ಷೇತ್ರವನ್ನು ಅನುಸರಿಸಿ ಘಟಕಗಳನ್ನು ಕೆಲವು ಶ್ರೇಣಿಗಳಾಗಿ ವಿಂಗಡಿಸುವ ಪದ್ಧತಿ ರೂಢಿಯಲ್ಲಿದೆ. ವಾಣಿಜ್ಯ ಶ್ರೇಣಿಯ ವ್ಯಾಪ್ತಿ 0ಯಿಂದ 70 ಡಿಗ್ರಿ. ಕೈಗಾರಿಕಾ ಶ್ರೇಣಿಯದು ಸಾಮಾನ್ಯವಾಗಿ -40ರಿಂದ 85 ಡಿಗ್ರಿ. ಸೈನಿಕ ಶ್ರೇಣಿಯದು -55ರಿಂದ 125 ಡಿಗ್ರಿ. ವಾಹನಗಳಲ್ಲಿ ಬಳಸುವ ಐ.ಸಿ.ಗಳಿಗೆ ಎಇಸಿ-ಕ್ಯೂ100 ಎಂಬ ಅರ್ಹತಾ ಮಾನದಂಡವಿದ್ದು, ಅದರಲ್ಲಿ ಕೆಳಮಿತಿ ಎಲ್ಲಕ್ಕೂ -40 ಡಿಗ್ರಿಯಾಗಿದ್ದರೆ ಮೇಲ್ಮಿತಿ ದರ್ಜೆ 3ಕ್ಕೆ 85, ದರ್ಜೆ 2ಕ್ಕೆ 105, ದರ್ಜೆ 1ಕ್ಕೆ 125, ದರ್ಜೆ 0ಗೆ 150 ಡಿಗ್ರಿಯಾಗಿದೆ. ವಾಹನದ ಒಳಗೆ ಪ್ರಯಾಣಿಕರ ಬಳಿ ಇರುವ ಉಪಕರಣಕ್ಕೂ ಎಂಜಿನ್ನಿಗೆ ಅಂಟಿಕೊಂಡಿರುವ ನಿಯಂತ್ರಕಕ್ಕೂ ಇರುವ ಅಂತರವನ್ನು ಈ ದರ್ಜೆಗಳು ಸೂಚಿಸುತ್ತವೆ.

ಒಂದೇ ವಿನ್ಯಾಸದ ಘಟಕ ಹಲವು ಶ್ರೇಣಿಗಳಲ್ಲಿ ದೊರೆಯುವುದುಂಟು. ಕಾಲೇಜು ಪ್ರಯೋಗಾಲಯಗಳಲ್ಲಿ ಚಿರಪರಿಚಿತವಾದ ಎಲ್‌ಎಂ 324 ಎಂಬ ವರ್ಧಕ ಐ.ಸಿ. 0ಯಿಂದ 70 ಡಿಗ್ರಿಯವರೆಗಿನದು. ಅದರ ಒಡಹುಟ್ಟುಗಳಾದ ಎಲ್‌ಎಂ 224 ಮತ್ತು ಎಲ್‌ಎಂ 124 ಕ್ರಮವಾಗಿ -25ರಿಂದ 85 ಹಾಗೂ -55ರಿಂದ 125 ಡಿಗ್ರಿಯವರೆಗಿನವು. ಮೂರರ ಮಂಡಲವೂ ಒಂದೇ. ವ್ಯತ್ಯಾಸವಿರುವುದು ಪ್ರಧಾನವಾಗಿ ಕವಚದಲ್ಲಿ, ಪರೀಕ್ಷೆಯಲ್ಲಿ ಮತ್ತು ತಯಾರಕರು ನೀಡುವ ಭರವಸೆಯಲ್ಲಿ. ಹೀಗಾಗಿ 70 ಡಿಗ್ರಿ ಮಿತಿಯ ಘಟಕವು 71ನೆಯ ಡಿಗ್ರಿಯಲ್ಲಿ ಕೆಟ್ಟುಹೋಗುತ್ತದೆಂದು ಭಾವಿಸಬೇಕಾಗಿಲ್ಲ. ಆದರೆ ಅಲ್ಲಿಂದ ಮುಂದೆ ಅದು ಹೇಗೆ ವರ್ತಿಸುತ್ತದೆಂಬ ಹೊಣೆ ತಯಾರಕರದಲ್ಲ, ಬಳಸುವವರದು.

ಮಾಹಿತಿಪತ್ರದಲ್ಲಿ ಮೂರು ಬಗೆಯ ತಾಪಮಾನಗಳು ಬೇರೆ ಬೇರೆ ಕೋಷ್ಟಕಗಳಲ್ಲಿ ಕಾಣಿಸಿಕೊಳ್ಳುತ್ತವೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಕಾರ್ಯನಿರ್ವಹಣೆಯ ವ್ಯಾಪ್ತಿಯೊಳಗೆ ಘಟಕವು ಹೇಳಿದ ನಿಖರತೆಯಿಂದ ಕೆಲಸ ಮಾಡುತ್ತದೆ. ಪರಮಾವಧಿ ಮಿತಿಯನ್ನು ಮೀರಿದರೆ ಶಾಶ್ವತ ಹಾನಿಯಾಗಬಹುದು. ಆ ಮಿತಿಯ ಸಮೀಪದಲ್ಲಿ ಸರಿಯಾಗಿ ಕೆಲಸ ಮಾಡುತ್ತದೆಂಬ ಆಶ್ವಾಸನೆ ಅದರಲ್ಲಿಲ್ಲ. ದಾಸ್ತಾನು ತಾಪಮಾನವು ವಿದ್ಯುತ್ತಿಲ್ಲದೆ ಸುಮ್ಮನೆ ಇರಿಸಿದ ಘಟಕಕ್ಕೆ ಸಂಬಂಧಿಸಿದ್ದು. ಈ ಮೂರನ್ನು ಒಂದರ ಬದಲು ಒಂದಾಗಿ ಓದಿದರೆ ವಿನ್ಯಾಸದ ತಳಹದಿಯೇ ತಪ್ಪುತ್ತದೆ.

ಎಲ್ಲಿಯ ತಾಪಮಾನ?

ಮೊದಲ ಪ್ರಶ್ನೆ ಸ್ಥಾನಕ್ಕೆ ಸಂಬಂಧಿಸಿದ್ದು. ಘಟಕದ ಸುತ್ತಲಿನ ಗಾಳಿ, ಅದರ ಹೊರಕವಚ, ಒಳಗಿನ ಸಿಲಿಕಾನ್ ಸಂಧಿ ಈ ಮೂರು ಸ್ಥಾನಗಳ ತಾಪಮಾನಗಳು ಬೇರೆ ಬೇರೆ. ಅಂತಿಮವಾಗಿ ಅಳಿವು ಉಳಿವುಗಳನ್ನು ನಿರ್ಧರಿಸುವುದು ಸಂಧಿಯ ತಾಪಮಾನ. ಸಂಧಿಯಲ್ಲಿ ಹುಟ್ಟಿದ ಶಾಖವು ಕವಚವನ್ನು, ಬಳಿಕ ಗಾಳಿಯನ್ನು ಸೇರುವ ಹಾದಿಯಲ್ಲಿ ಎದುರಿಸುವ ಅಡೆತಡೆಯನ್ನು ಉಷ್ಣರೋಧವೆಂದು ಕರೆಯುತ್ತಾರೆ. ಪ್ರತಿ ವಾಟ್ ಶಾಖಕ್ಕೆ ಎಷ್ಟು ಡಿಗ್ರಿ ತಾಪಮಾನ ಏರುತ್ತದೆಂಬುದು ಅದರ ಅಳತೆ.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. 7805 ಎಂಬ ವೋಲ್ಟೇಜ್ ನಿಯಂತ್ರಕ ಐ.ಸಿ.ಯು 12 ವೋಲ್ಟನ್ನು 5 ವೋಲ್ಟಿಗೆ ಇಳಿಸಿ ಅರ್ಧ ಆಂಪಿಯರ್ ವಿದ್ಯುತ್ಪ್ರವಾಹವನ್ನು ಪೂರೈಸುತ್ತಿದೆಯೆಂದು ಭಾವಿಸೋಣ. ಉಳಿದ 7 ವೋಲ್ಟ್ ಅದರೊಳಗೇ ವ್ಯಯವಾಗುವುದರಿಂದ 3.5 ವಾಟ್ ಶಾಖ ಉತ್ಪತ್ತಿಯಾಗುತ್ತದೆ. ಇದರ ಸಂಧಿಯ ಕಾರ್ಯಮಿತಿ 125 ಡಿಗ್ರಿ. ಹೀಟ್ ಸಿಂಕ್ ಇಲ್ಲದಿರುವಾಗ ಸಂಧಿಯಿಂದ ಗಾಳಿಯವರೆಗಿನ ಉಷ್ಣರೋಧ ವಾಟ್ ಒಂದಕ್ಕೆ ಸುಮಾರು 65 ಡಿಗ್ರಿ. ಲೆಕ್ಕದಂತೆ ಸಂಧಿಯು ಗಾಳಿಗಿಂತ 227 ಡಿಗ್ರಿಯಷ್ಟು ಹೆಚ್ಚು ಕಾಯಬೇಕು. ಅಂದರೆ ಕೋಣೆ ಎಷ್ಟೇ ತಂಪಾಗಿದ್ದರೂ ಈ ವಿನ್ಯಾಸ ನಿಲ್ಲಲಾರದು. ಒಳಗಿನ ರಕ್ಷಣಾ ವ್ಯವಸ್ಥೆ ಐ.ಸಿ.ಯನ್ನು ತಾನಾಗಿ ಸ್ಥಗಿತಗೊಳಿಸುತ್ತದೆ.

ಇದಕ್ಕೆ ವಾಟ್ ಒಂದಕ್ಕೆ 10 ಡಿಗ್ರಿ ಉಷ್ಣರೋಧವುಳ್ಳ ಹೀಟ್ ಸಿಂಕನ್ನು ಜೋಡಿಸಿದರೆ ಸಂಧಿಯಿಂದ ಕವಚಕ್ಕೆ 5, ಕವಚ ಮತ್ತು ಹೀಟ್ ಸಿಂಕ್ ನಡುವಿನ ಸ್ಪರ್ಶಕ್ಕೆ 1, ಹೀಟ್ ಸಿಂಕಿನಿಂದ ಗಾಳಿಗೆ 10, ಒಟ್ಟು 16 ಡಿಗ್ರಿಯಾಗುತ್ತದೆ. ಆಗ ಏರಿಕೆ 56 ಡಿಗ್ರಿ. ಹೊರಗಿನ ಗಾಳಿ 40 ಡಿಗ್ರಿಯಿದ್ದರೆ ಸಂಧಿ 96 ಡಿಗ್ರಿಯಲ್ಲಿ ಕ್ಷೇಮವಾಗಿರುತ್ತದೆ. ಆದರೆ ಇದೇ ಮಂಡಲವನ್ನು ರಾಯಚೂರು ಅಥವಾ ಕಲಬುರಗಿಯ ಬೇಸಿಗೆಯಲ್ಲಿ, ಬಿಸಿಲಿಗೆ ಒಡ್ಡಿದ ಮುಚ್ಚಿದ ಲೋಹದ ಪೆಟ್ಟಿಗೆಯೊಳಗೆ ಇರಿಸಿದರೆ ಪೆಟ್ಟಿಗೆಯೊಳಗಿನ ಗಾಳಿಯೇ 65 ಡಿಗ್ರಿಯನ್ನು ಮುಟ್ಟಬಹುದು. ಆಗ ಸಂಧಿ 121 ಡಿಗ್ರಿಯಲ್ಲಿದ್ದು ಮಿತಿಗೆ ಉಳಿಯುವುದು ಕೇವಲ 4 ಡಿಗ್ರಿ. ಹವಾಮಾನ ವರದಿಯಲ್ಲಿ ನೆರಳಿನ ತಾಪಮಾನವಿರುತ್ತದೆ; ಪೆಟ್ಟಿಗೆಯೊಳಗಿನ ಗಾಳಿಯ ತಾಪಮಾನವನ್ನು ಅದು ಹೇಳುವುದಿಲ್ಲ.

ಗಾಳಿಯೇ ಇಲ್ಲದ ಸ್ಥಳದಲ್ಲಿ ಈ ಲೆಕ್ಕಾಚಾರ ಮತ್ತಷ್ಟು ಕಠಿಣವಾಗುತ್ತದೆ. ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾಗಿ 2008ರ ಅಕ್ಟೋಬರ್ 22ರಂದು ಉಡಾವಣೆಗೊಂಡ ಚಂದ್ರಯಾನ-1 ನೌಕೆಯ ಒಳತಾಪಮಾನವು ಅದೇ ವರ್ಷದ ನವೆಂಬರಿನಲ್ಲಿ ಸುಮಾರು 50 ಡಿಗ್ರಿಗೆ ಏರಿತು. ನಿರ್ವಾತದಲ್ಲಿ ಶಾಖವನ್ನು ಒಯ್ಯಲು ಗಾಳಿಯಿಲ್ಲ. ವಿಕಿರಣದ ಮೂಲಕವಷ್ಟೇ ಅದನ್ನು ಹೊರಹಾಕಬೇಕು. ಒಂದೆಡೆ ಸೂರ್ಯ, ಇನ್ನೊಂದೆಡೆ ಕಾದ ಚಂದ್ರನ ಮೇಲ್ಮೈ ನೌಕೆಯತ್ತ ಶಾಖವನ್ನು ಸೂಸುತ್ತಿದ್ದವು. ನೌಕೆಯನ್ನು 20 ಡಿಗ್ರಿಯಷ್ಟು ತಿರುಗಿಸಿ, ಕೆಲವು ಉಪಕರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ ತಾಪಮಾನವನ್ನು ತಗ್ಗಿಸಲಾಯಿತು. ಘಟಕವನ್ನು ಬದಲಿಸಲು ಸಾಧ್ಯವಿಲ್ಲದಿರುವಾಗ ಹೊರೆಯನ್ನು ಮತ್ತು ಶಾಖದ ಹಾದಿಯನ್ನು ಬದಲಿಸುವುದೊಂದೇ ಉಳಿಯುವ ಉಪಾಯ.

ಎಷ್ಟು ಹೊರೆಯಲ್ಲಿ?

ಎರಡನೆಯ ಪ್ರಶ್ನೆ ಹೊರೆಗೆ ಸಂಬಂಧಿಸಿದ್ದು. ಕಾಲು ವಾಟಿನ ಇಂಗಾಲ ಪದರದ ರೋಧಕವನ್ನು ತೆಗೆದುಕೊಳ್ಳಬಹುದು. ಅದರ ಕಾಲು ವಾಟ್ ಸಾಮರ್ಥ್ಯವು ಸಾಮಾನ್ಯವಾಗಿ ಸುತ್ತಲಿನ ಗಾಳಿ 70 ಡಿಗ್ರಿಯಷ್ಟು ಇರುವವರೆಗೆ ಮಾತ್ರ ಸಲ್ಲುತ್ತದೆ. ಅಲ್ಲಿಂದ ಮುಂದೆ ಸಾಮರ್ಥ್ಯವನ್ನು ಸರಳರೇಖೆಯಂತೆ ಇಳಿಸುತ್ತ ಹೋಗಬೇಕು. 155 ಡಿಗ್ರಿಯಲ್ಲಿ ಅದು ಶೂನ್ಯವಾಗುತ್ತದೆ. ಎರಡರ ನಡುವಿನ 112 ಡಿಗ್ರಿಯ ಸುಮಾರಿಗೆ ಅದೇ ರೋಧಕ ಅರ್ಧದಷ್ಟು, ಅಂದರೆ ಎಂಟನೆಯ ಒಂದು ವಾಟನ್ನು ಮಾತ್ರ ಹೊರಬಲ್ಲದು. 155 ಡಿಗ್ರಿಯವರೆಗಿನ ರೋಧಕವೆಂದೂ ಕಾಲು ವಾಟಿನ ರೋಧಕವೆಂದೂ ಹೇಳುವುದು ಪ್ರತ್ಯೇಕವಾಗಿ ನಿಜವೇ ಆದರೂ ಎರಡೂ ಏಕಕಾಲದಲ್ಲಿ ನಿಜವಲ್ಲ.

ತಾಪಮಾನ ಏರಿದಂತೆ ಹೊರೆಯನ್ನು ತಗ್ಗಿಸುವ ಈ ಕ್ರಮ ಟ್ರಾನ್ಸಿಸ್ಟರು, ಡಯೋಡು, ವಿದ್ಯುತ್ ಪರಿವರ್ತಕ ಎಲ್ಲಕ್ಕೂ ಅನ್ವಯಿಸುತ್ತದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಇಂತಹ ಸ್ಥಾವರಗಳಲ್ಲಿ ಇನ್ವರ್ಟರುಗಳ ಮೇಲಿನ ಹೊರೆ ಅತ್ಯಧಿಕವಾಗುವುದು ಬಿಸಿಲು ತೀವ್ರವಾಗಿರುವ ವೇಳೆಯಲ್ಲೇ. ಹೊರೆ ಮತ್ತು ಪರಿಸರದ ಶಾಖ ಜೊತೆಜೊತೆಯಾಗಿ ಏರುವ ಇಂತಹ ಸಂದರ್ಭಗಳಲ್ಲಿ ದಿನದ ಸರಾಸರಿ ತಾಪಮಾನವನ್ನು ನೆಚ್ಚಿ ಘಟಕವನ್ನು ಆಯ್ಕೆ ಮಾಡುವುದು ಸಾಧುವಲ್ಲ.

ಎಷ್ಟು ಕಾಲ?

ಮೂರನೆಯ ಪ್ರಶ್ನೆ ಹೆಚ್ಚಾಗಿ ಅಲಕ್ಷ್ಯಕ್ಕೆ ಒಳಗಾಗಿರುವಂಥದು. ಅಲ್ಯೂಮಿನಿಯಂ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಮೈಮೇಲೆ 105 ಡಿಗ್ರಿ ಎಂದು ಮುದ್ರಿತವಾಗಿರುತ್ತದೆ. ಅದರ ಮಾಹಿತಿಪತ್ರವನ್ನು ತೆರೆದರೆ ಆ ತಾಪಮಾನದಲ್ಲಿ ಬಾಳಿಕೆ 2000 ಗಂಟೆ ಎಂದಿರುವುದು ಸಾಮಾನ್ಯ. ನಿರಂತರವಾಗಿ ದುಡಿದರೆ ಇದು 83 ದಿನಗಳಷ್ಟೇ. ಒಳಗಿರುವ ದ್ರವವು ಶಾಖದಿಂದ ಕ್ರಮೇಣ ಆವಿಯಾಗಿ ಹೊರಹೋಗುತ್ತ ಧಾರಣಶಕ್ತಿ ಕುಂದುವುದು ಇದಕ್ಕೆ ಕಾರಣ.

ರಾಸಾಯನಿಕ ಕ್ರಿಯೆಗಳ ವೇಗವು ತಾಪಮಾನದೊಂದಿಗೆ ಘಾತೀಯವಾಗಿ ಹೆಚ್ಚುತ್ತದೆಂಬ ಸಂಬಂಧವನ್ನು ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರೇನಿಯಸ್ 1889ರಲ್ಲಿ ನಿರೂಪಿಸಿದರು. ತಾಪಮಾನ 10 ಡಿಗ್ರಿ ಇಳಿದಂತೆಲ್ಲ ಕೆಪಾಸಿಟರಿನ ಆಯುಸ್ಸು ಇಮ್ಮಡಿಯಾಗುತ್ತದೆ ಎಂಬ ಬಳಕೆಯ ಸೂತ್ರ ಅದರ ಸರಳೀಕೃತ ರೂಪ. ರಾತ್ರಿಯಿಡೀ 12 ಗಂಟೆ ಉರಿಯುವ ಎಲ್‌ಇಡಿ ಬೀದಿದೀಪವೊಂದರಲ್ಲಿ ಕೆಪಾಸಿಟರು 65 ಡಿಗ್ರಿಯಲ್ಲಿ ದುಡಿಯುತ್ತಿದೆಯೆನ್ನೋಣ. 105 ಡಿಗ್ರಿ, 2000 ಗಂಟೆಯ ಕೆಪಾಸಿಟರಿನ ಬಾಳಿಕೆ ಈ ಸೂತ್ರದಂತೆ 16 ಪಟ್ಟು ಹೆಚ್ಚಿ 32,000 ಗಂಟೆ, ಅಂದರೆ ಏಳು ವರ್ಷಗಳಿಗೂ ಮಿಕ್ಕು ಆಗುತ್ತದೆ. ಅದೇ ಸ್ಥಾನದಲ್ಲಿ 85 ಡಿಗ್ರಿ, 2000 ಗಂಟೆಯ ಕೆಪಾಸಿಟರನ್ನು ಹಾಕಿದರೆ ಬಾಳಿಕೆ 8,000 ಗಂಟೆ, ಅಂದರೆ ಎರಡು ವರ್ಷಕ್ಕೂ ಕಡಿಮೆ. ಎರಡೂ ತಮ್ಮ ಮಿತಿಗಿಂತ ಬಹಳ ಕೆಳಗಿನ ತಾಪಮಾನದಲ್ಲೇ ಇವೆ. ಮೊದಲ ದಿನದ ಪರೀಕ್ಷೆಯಲ್ಲಿ ಎರಡೂ ಸಮಾನವಾಗಿ ತೇರ್ಗಡೆಯಾಗುತ್ತವೆ. ಬೆಲೆಯಲ್ಲಿ ಅಲ್ಪ ಉಳಿತಾಯವೆಂದು ತೋರಿದ್ದು ಎರಡನೆಯ ವರ್ಷದಲ್ಲಿ ಕತ್ತಲಾದ ಬೀದಿಯಾಗಿ ಪರಿಣಮಿಸುತ್ತದೆ.

ಐ.ಸಿ.ಗಳ ವಿಶ್ವಾಸಾರ್ಹತೆಯನ್ನು ಅಳೆಯುವುದೂ ಇದೇ ತತ್ತ್ವದಿಂದ. ಘಟಕಗಳನ್ನು 125 ಡಿಗ್ರಿಯಲ್ಲಿ 1000 ಗಂಟೆಗಳ ಕಾಲ ದುಡಿಸುವ ಪರೀಕ್ಷೆ ಉದ್ಯಮದಲ್ಲಿ ಸರ್ವಮಾನ್ಯವಾಗಿದೆ. ಹಾನಿಗೆ ಬೇಕಾದ ಸಕ್ರಿಯನ ಶಕ್ತಿ 0.7 ಇಲೆಕ್ಟ್ರಾನ್ ವೋಲ್ಟ್ ಎಂದು ಇಟ್ಟುಕೊಂಡರೆ 55 ಡಿಗ್ರಿಯ ಬಳಕೆಗೆ ಹೋಲಿಸಿದಾಗ ಕಾಲವು ಸುಮಾರು 78 ಪಟ್ಟು ವೇಗವಾಗಿ ಸಾಗಿದಂತಾಗುತ್ತದೆ. ಹೀಗೆ ಆರು ವಾರಗಳ ಪರೀಕ್ಷೆ ಸುಮಾರು ಒಂಬತ್ತು ವರ್ಷಗಳ ಬಳಕೆಯನ್ನು ಪ್ರತಿನಿಧಿಸುತ್ತದೆ. ಆದರೆ ಸಕ್ರಿಯನ ಶಕ್ತಿ ಹಾನಿಯ ಬಗೆಯನ್ನು ಅನುಸರಿಸಿ ಬದಲಾಗುವುದರಿಂದ ಈ ಗುಣಕವನ್ನು ಎಲ್ಲ ಘಟಕಗಳಿಗೂ ಕಣ್ಣುಮುಚ್ಚಿ ಅನ್ವಯಿಸುವಂತಿಲ್ಲ.

ಶೀತ ಮತ್ತು ಏರಿಳಿತ

ತಾಪಮಾನ ಮಿತಿಯೆಂದೊಡನೆ ಶಾಖವೇ ನೆನಪಾಗುವುದು ಸಹಜವಾದರೂ ಕೆಳಮಿತಿಯೂ ಅಷ್ಟೇ ಮುಖ್ಯ. ಶೀತದಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ದ್ರವ ಮಂದವಾಗಿ ಅದರ ಆಂತರಿಕ ರೋಧ ಬಹುಪಟ್ಟು ಹೆಚ್ಚುತ್ತದೆ; ಟ್ರಾನ್ಸಿಸ್ಟರಿನ ವರ್ಧನೆ ತಗ್ಗುತ್ತದೆ; ದ್ರವಸ್ಫಟಿಕ ಪರದೆಯ ಚಲನೆ ನಿಧಾನವಾಗುತ್ತದೆ; ಸಾಮಾನ್ಯ ಲಿಥಿಯಂ ಅಯಾನ್ ಬ್ಯಾಟರಿಯನ್ನು ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವುದು ಹಾನಿಕರ.

ಇದಕ್ಕಿಂತ ಸೂಕ್ಷ್ಮವಾದುದು ತಾಪಮಾನದ ಏರಿಳಿತ. ಕಾದಾಗ ಎಲ್ಲ ವಸ್ತುಗಳೂ ಹಿಗ್ಗುತ್ತವೆ. ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಗಾಜಿನ ನಾರಿನ ಮುದ್ರಿತ ಫಲಕವು ಅದರ ಮೇಲೆ ಕುಳಿತ ಸೆರಾಮಿಕ್ ಘಟಕಕ್ಕಿಂತ ಡಿಗ್ರಿಯೊಂದಕ್ಕೆ ದಶಲಕ್ಷದಲ್ಲಿ ಸುಮಾರು 10 ಭಾಗದಷ್ಟು ಹೆಚ್ಚು ಹಿಗ್ಗುತ್ತದೆ. 10 ಮಿಲಿಮೀಟರ್ ಉದ್ದದ ಘಟಕದಲ್ಲಿ 100 ಡಿಗ್ರಿಯ ಏರಿಳಿತಕ್ಕೆ ಈ ವ್ಯತ್ಯಾಸ ಮಿಲಿಮೀಟರಿನ ನೂರನೆಯ ಒಂದು ಭಾಗ. ಅಷ್ಟನ್ನೂ ಬೆಸುಗೆಯೇ ತಾಳಿಕೊಳ್ಳಬೇಕು. ಭೂಮಿಗೆ ಸಮೀಪದ ಕಕ್ಷೆಯಲ್ಲಿರುವ ಉಪಗ್ರಹ ದಿನಕ್ಕೆ ಸುಮಾರು 15 ಬಾರಿ ಬಿಸಿಲಿನಿಂದ ನೆರಳಿಗೆ ಸಾಗುವುದರಿಂದ ವರ್ಷಕ್ಕೆ ಐದು ಸಾವಿರಕ್ಕೂ ಹೆಚ್ಚು ಏರಿಳಿತಗಳನ್ನು ಕಾಣುತ್ತದೆ. ಮೇಲ್ಮಿತಿ ಕೆಳಮಿತಿಗಳೆರಡನ್ನೂ ಎಂದೂ ಮೀರದ ಘಟಕವೂ ಬೆಸುಗೆಯ ದಣಿವಿನಿಂದ ವಿಫಲವಾಗಬಹುದು.

2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಚಂದ್ರಯಾನ-3ರ ವಿಕ್ರಮ್ ಮತ್ತು ಪ್ರಜ್ಞಾನ್ ಒಂದು ಚಾಂದ್ರ ಹಗಲಿನ, ಎಂದರೆ ಭೂಮಿಯ ಸುಮಾರು 14 ದಿನಗಳ ಕಾರ್ಯಕ್ಕೆಂದು ರೂಪುಗೊಂಡಿದ್ದವು. ಆ ಕಾರ್ಯವನ್ನು ಪೂರೈಸಿದ ಬಳಿಕ ಸೆಪ್ಟೆಂಬರ್ ಮೊದಲ ವಾರದಲ್ಲಿ ಅವುಗಳನ್ನು ನಿದ್ರಾಸ್ಥಿತಿಗೆ ತರಲಾಯಿತು. ಶೂನ್ಯಕ್ಕಿಂತ ನೂರು ಡಿಗ್ರಿಗೂ ಕೆಳಗೆ ಇಳಿಯುವ ಚಾಂದ್ರ ರಾತ್ರಿಯನ್ನು ದಾಟಿ ಅವು ಮತ್ತೆ ಎಚ್ಚರಗೊಳ್ಳಬಹುದೆಂಬ ಆಸೆಯಿಂದ ಸೆಪ್ಟೆಂಬರ್ 22ರಂದು ಸಂಪರ್ಕಕ್ಕೆ ಯತ್ನಿಸಲಾಯಿತಾದರೂ ಸಂಕೇತ ಬರಲಿಲ್ಲ. ಇದನ್ನು ವೈಫಲ್ಯವೆನ್ನಲಾಗದು. ಭರವಸೆಯಿದ್ದುದು ಹಗಲಿಗೆ, ರಾತ್ರಿಯು ಭರವಸೆಯ ಆಚೆಗಿನ ಪ್ರಯೋಗವಾಗಿತ್ತು.

ಮಿತಿಯ ಆಚೆಗಿನ ಬಳಕೆ

ಮಿತಿಯನ್ನು ಮೀರಿ ಘಟಕವನ್ನು ಬಳಸಬಹುದೇ ಎಂಬ ಪ್ರಶ್ನೆ 1990ರ ದಶಕದಲ್ಲಿ ತೀವ್ರವಾಯಿತು. 1994ರ ಜೂನ್‌ನಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ವಿಲಿಯಂ ಪೆರಿ ಅವರು ಸೈನಿಕ ನಿರ್ದಿಷ್ಟತೆಗಳಿಗಿಂತ ವಾಣಿಜ್ಯ ಮಾನದಂಡಗಳಿಗೆ ಆದ್ಯತೆ ನೀಡುವಂತೆ ಸೂಚನೆ ಹೊರಡಿಸಿದರು. ಅರೆವಾಹಕ ಮಾರುಕಟ್ಟೆಯಲ್ಲಿ ಸೇನೆಯ ಪಾಲು ಆ ವೇಳೆಗಾಗಲೇ ಕುಗ್ಗಿತ್ತು. ಹಲವು ತಯಾರಕರು ಸೈನಿಕ ಶ್ರೇಣಿಯ ಉತ್ಪಾದನೆಯನ್ನು ಕೈಬಿಟ್ಟರು. ವಿಮಾನ ಮತ್ತು ರಕ್ಷಣಾ ಉಪಕರಣಗಳ ವಿನ್ಯಾಸಕಾರರು ಕಡಿಮೆ ವ್ಯಾಪ್ತಿಯ ಘಟಕಗಳನ್ನೇ ಹೆಚ್ಚಿನ ವ್ಯಾಪ್ತಿಯಲ್ಲಿ ಬಳಸಬೇಕಾದ ಒತ್ತಡಕ್ಕೆ ಸಿಲುಕಿದರು.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಶಿಸ್ತುಬದ್ಧವಾದ ವಿಧಾನಗಳನ್ನು ರೂಪಿಸಿದರು. ಮಾಹಿತಿಪತ್ರದ ಗುಣಗಳನ್ನೇ ಹೊಸ ತಾಪಮಾನದಲ್ಲೂ ಘಟಕ ತೋರುತ್ತದೆಯೇ ಎಂದು ಪರೀಕ್ಷಿಸುವುದು ಒಂದು. ಹೊಸ ತಾಪಮಾನದಲ್ಲಿ ಅದರ ಗುಣಗಳನ್ನು ಹೊಸದಾಗಿ ಅಳೆದು ದಾಖಲಿಸುವುದು ಇನ್ನೊಂದು. ವಿದ್ಯುತ್ ಹೊರೆಯನ್ನು ತಗ್ಗಿಸಿ ಸಂಧಿಯ ತಾಪಮಾನವನ್ನು ಹಳೆಯ ಮಿತಿಯೊಳಗೇ ಉಳಿಸಿಕೊಳ್ಳುವುದು ಮತ್ತೊಂದು. ಮೂರರಲ್ಲೂ ತಯಾರಕರ ಭರವಸೆಯ ಸ್ಥಾನವನ್ನು ಬಳಕೆದಾರರ ಪರೀಕ್ಷೆ ತುಂಬಬೇಕು. ತಯಾರಕರು ಒಳಗಿನ ಬಿಲ್ಲೆಯನ್ನು ಅಥವಾ ಕವಚವನ್ನು ಬದಲಿಸಿದರೆ ಹಿಂದಿನ ಪರೀಕ್ಷೆ ನಿರರ್ಥಕವಾಗುತ್ತದೆಂಬುದು ಇದರ ದೊಡ್ಡ ದೌರ್ಬಲ್ಯ. ಪ್ರಯೋಗಾಲಯದಲ್ಲಿ ಹತ್ತು ಘಟಕಗಳು 100 ಡಿಗ್ರಿಯಲ್ಲಿ ಕೆಲಸ ಮಾಡಿದವೆಂಬುದು ಹನ್ನೊಂದನೆಯದರ ಬಗ್ಗೆ ಪ್ರಮಾಣವಾಗಲಾರದು.

ಭಾರತದಲ್ಲಿ ಸೈನಿಕ ಉಪಕರಣಗಳ ಪರಿಸರ ಪರೀಕ್ಷೆಗೆ ಜೆಎಸ್‌ಎಸ್ 55555, ಸಾಮಾನ್ಯ ವಿದ್ಯುನ್ಮಾನ ಸಾಮಗ್ರಿಗೆ ಐಎಸ್ 9000 ಮಾನಕಗಳು ರೂಪುಗೊಂಡಿವೆ. ಘಟಕದ ಮಿತಿಯನ್ನು ಓದುವುದರ ಜೊತೆಗೆ ಸಿದ್ಧವಾದ ಉಪಕರಣವನ್ನೇ ಶಾಖ, ಶೀತ ಮತ್ತು ಏರಿಳಿತಗಳಿಗೆ ಒಡ್ಡಿ ನೋಡುವ ಇಂತಹ ಪರೀಕ್ಷೆಗಳಿಗೆ ಪರ್ಯಾಯವಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ತಾಪಮಾನ ಮಿತಿಯು ಪ್ರಕೃತಿ ಎಳೆದ ಗೆರೆಯಲ್ಲ; ಪ್ರಕೃತಿಯ ನಿಯಮಗಳನ್ನು ಅರಿತು ತಯಾರಕರು ಹಾಕಿಕೊಂಡ ಗೆರೆ. ಅದು ಗಾಳಿಯದೋ ಕವಚದ್ದೋ ಸಂಧಿಯದೋ ಎಂಬುದನ್ನು ಮೊದಲು ನಿರ್ಧರಿಸಬೇಕು. ಪೂರ್ಣ ಹೊರೆಗೆ ಅದು ಅನ್ವಯಿಸುತ್ತದೆಯೇ ಎಂದು ನೋಡಬೇಕು. ಅಲ್ಲಿ ಎಷ್ಟು ಗಂಟೆ ಬಾಳುತ್ತದೆಂದು ಲೆಕ್ಕ ಹಾಕಬೇಕು. ಏರಿಳಿತಗಳ ಸಂಖ್ಯೆಯನ್ನೂ ಗಣನೆಗೆ ತೆಗೆದುಕೊಳ್ಳಬೇಕು.

ಡೇಟನ್ನಿನ ಸಭೆಯಲ್ಲಿ ಕಾದ ಎಣ್ಣೆಗೆ ಬಿದ್ದ ಟ್ರಾನ್ಸಿಸ್ಟರು ತಕ್ಷಣವೇ ಮೌನವಾಯಿತು. ಅದರ ದೋಷ ಎಲ್ಲರಿಗೂ ಕಾಣುವಂತಿತ್ತು. ಇಂದಿನ ಘಟಕಗಳು ಹಾಗೆ ಒಮ್ಮೆಲೆ ಸೋಲುವುದು ವಿರಳ. ಮಾರಾಟದ ದಿನ ಸರಿಯಾಗಿದ್ದು, ಖಾತರಿಯ ಅವಧಿ ಮುಗಿದ ಬಳಿಕ ರೈತನ ಪಂಪ್‌ಸೆಟ್ ನಿಯಂತ್ರಕದಲ್ಲಿಯೋ ಆಸ್ಪತ್ರೆಯ ಉಪಕರಣದಲ್ಲಿಯೋ ಅವು ಕೈಕೊಡುತ್ತವೆ. ಆಗ ತಪ್ಪನ್ನು ಬಿಸಿಲಿನ ಮೇಲೆ ಹೊರಿಸುವುದು ಸುಲಭ. ಆದರೆ ಆ ಬಿಸಿಲು ಎಷ್ಟೆಂಬುದು ಮೊದಲೇ ತಿಳಿದಿತ್ತು, ಮಾಹಿತಿಪತ್ರವೂ ಕೈಯಲ್ಲಿತ್ತು. ಅವೆರಡನ್ನೂ ಕೂಡಿಸಿ ಓದುವ ಅಭ್ಯಾಸವನ್ನು ತಾಂತ್ರಿಕ ಶಿಕ್ಷಣದ ಪ್ರಾರಂಭಿಕ ಹಂತದಲ್ಲೇ ಬೆಳೆಸುವುದು ಅಗತ್ಯ.